ಕಟ್ಟು ಬಿಚ್ಚುವ ಕಾಯಕಕ್ಕೆ ಮಕ್ಕಳು ಬೇಕು

(ಕೊಪ್ಪಳದಲ್ಲಿ ಜರುಗಿದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)



ಸಂಘಟಕರು ನನಗೆ ಕೊಟ್ಟಿರುವ ವಿಷಯ ‘ಇತಿಹಾಸದ ವಸ್ತುಸಂಗ್ರಹಾಲಯ ಮತ್ತು ವಿದ್ಯಾರ್ಥಿಗಳ ಇಂಟರ್ನ್‌ಶಿಪ್’. ಕರಪತ್ರ ಓದಿದ ಹಿರಿಯರೊಬ್ಬರು ಬಾಗಿಲಲ್ಲೇ ನನ್ನನ್ನು ನಿಲ್ಲಿಸಿ, “ಸರ, ಶಿವಾನುಭವಕ್ಕೂ ಇದಕ್ಕೂ ಏನ್ ಸಂಬಂಧರೀ?” ಎಂದು ಕೇಳಿದರು. ಪ್ರಶ್ನೆ ಸರಿಯಾಗಿಯೇ ಇದೆ. ನಾವು ದಿನಾಲೂ ವಚನ ಹೇಳುತ್ತೇವೆ, ಕೇಳುತ್ತೇವೆ. ಆ ವಚನಗಳು ನಮ್ಮ ಕೈಗೆ ಬಂದದ್ದು ಯಾರೋ ಒಬ್ಬರು ಒಂದು ಓಲೆಗರಿಯ ಕಟ್ಟನ್ನು ಬಿಚ್ಚಿ, ಕಣ್ಣು ನೋಯಿಸಿಕೊಂಡು ಓದಿ, ಕಾಗದಕ್ಕೆ ಇಳಿಸಿದ್ದರಿಂದ. ಆ ಓದುವ ವಿದ್ಯೆ ಮುಂದಿನ ತಲೆಮಾರಿಗೆ ದಾಟುತ್ತದೋ ಇಲ್ಲವೋ ಎಂಬುದೇ ಇವತ್ತಿನ ಮಾತು. ಇಂಟರ್ನ್‌ಶಿಪ್ ಎಂಬುದು ಆ ವಿದ್ಯೆ ದಾಟಿಸುವ ಒಂದು ದಾರಿ, ಅಷ್ಟೆ.

ಮೊದಲು ಆ ಶಬ್ದವನ್ನು ಬಿಡಿಸಿಕೊಳ್ಳೋಣ. ಪದವಿ ಓದುವ ಹುಡುಗ ಅಥವಾ ಹುಡುಗಿ ಒಂದೆರಡು ತಿಂಗಳು ಒಂದು ಸಂಸ್ಥೆಗೆ ಹೋಗಿ, ಅಲ್ಲಿ ಬಲ್ಲವರ ಕೈಕೆಳಗೆ ನಿಜವಾದ ಕೆಲಸ ಮಾಡುತ್ತಾ ಕಲಿಯುವುದು. ನಮ್ಮ ಅಜ್ಜಂದಿರ ಕಾಲದಲ್ಲಿ ಕಚೇರಿಗಳಲ್ಲಿ ‘ಉಮೇದುವಾರಿ’ ಮಾಡುತ್ತಿದ್ದರಲ್ಲ, ಹೆಚ್ಚುಕಡಿಮೆ ಅದೇ. ಈಗ ವಿಶ್ವವಿದ್ಯಾಲಯಗಳು ಇದನ್ನು ಓದಿನ ಭಾಗವಾಗಿಸಿವೆ. ಕಾಮರ್ಸ್ ಮಕ್ಕಳು ಬ್ಯಾಂಕಿಗೆ, ಆಡಿಟರ ಕಚೇರಿಗೆ ಹೋಗುತ್ತಾರೆ. ಇತಿಹಾಸ, ಕನ್ನಡ ಓದುವ ಮಕ್ಕಳು ಎಲ್ಲಿಗೆ ಹೋಗಬೇಕು? ಬಹಳ ಮಂದಿ ಎಲ್ಲಿಗೂ ಹೋಗುವುದಿಲ್ಲ. ಯಾರದೋ ಕೈಕಾಲು ಹಿಡಿದು ಒಂದು ಸರ್ಟಿಫಿಕೇಟು ಬರೆಸಿಕೊಂಡು ಬಂದು ಒಪ್ಪಿಸುತ್ತಾರೆ. ನಾನು ಮಾಸ್ತರಿಕೆ ಮಾಡಿದವನು, ಅಂಥ ಸರ್ಟಿಫಿಕೇಟುಗಳನ್ನು ಕಟ್ಟುಗಟ್ಟಲೆ ನೋಡಿದ್ದೇನೆ. ಅವರು ಹೋಗಬೇಕಾದದ್ದು ವಸ್ತುಸಂಗ್ರಹಾಲಯಕ್ಕೆ. ಅಲ್ಲಿ ಎರಡು ತರಹದ ಕೆಲಸ ಇರುತ್ತದೆ. ಒಂದು ಸಂಶೋಧನೆ: ವಸ್ತುಗಳ ಪಟ್ಟಿ ಮಾಡುವುದು, ಓದುವುದು, ಅಳೆಯುವುದು, ಫೋಟೋ ತೆಗೆಯುವುದು. ಇನ್ನೊಂದು ಶಿಕ್ಷಣ: ನೋಡಲು ಬಂದ ಮಂದಿಗೆ, ಸಾಲಿ ಮಕ್ಕಳಿಗೆ ತಿಳಿಸಿ ಹೇಳುವುದು.

ವಸ್ತುಸಂಗ್ರಹಾಲಯ ಎಂದರೆ ಕಾಜಿನ ಪೆಟ್ಟಿಗೆ, ಮೇಲೆ ಟ್ಯೂಬ್‌ಲೈಟು, ಬಾಗಿಲಲ್ಲಿ ಟಿಕೀಟು ಎಂದೇ ತಿಳಿಯಬೇಕಿಲ್ಲ. ನಮ್ಮ ಜಿಲ್ಲೆಯಲ್ಲಿ ಬೆಟ್ಟವೇ ವಸ್ತುಸಂಗ್ರಹಾಲಯ. ಗವಿಮಠದ ಗುಡ್ಡದ ಮೇಲೆ, ಚಪ್ಪರದಂತೆ ಚಾಚಿದ ಬಂಡೆಯ ನೆರಳಲ್ಲಿ ಅಶೋಕ ಚಕ್ರವರ್ತಿಯ ಶಾಸನ ಇದೆ. ಇನ್ನೊಂದು ಗುಡ್ಡ ಪಾಲ್ಕಿಗುಂಡು, ಅಲ್ಲಿಯೂ ಅದೇ ಶಾಸನ ಇದೆ, ಆದರೆ ತುಂಬ ಸವೆದಿದೆ. ಅದೇ ಪಾಲ್ಕಿಗುಂಡಿನ ಮೇಲೆ ಒಂದು ಜೊತೆ ಪಾದಗಳನ್ನು ಕೆತ್ತಿ, ಅವು ಜಟಾಸಿಂಹನಂದಿ ಆಚಾರ್ಯರ ಪಾದಗಳೆಂದೂ ಚಾವಯ್ಯ ಎಂಬಾತ ಮಾಡಿಸಿದನೆಂದೂ ಕನ್ನಡದಲ್ಲಿ ಬರೆಸಿದ್ದಾರೆ. ಈ ಆಚಾರ್ಯರು ‘ವರಾಂಗಚರಿತ’ವೆಂಬ ಸಂಸ್ಕೃತ ಕಾವ್ಯ ಬರೆದ ಜೈನ ಮುನಿ. ‘ಕವಿರಾಜಮಾರ್ಗ’ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ಊರುಗಳಲ್ಲಿ ಒಂದು ನಮ್ಮ ಕೊಪಣ. ಗಂಗಾವತಿ ಕಡೆ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಶಿಲಾಸಮಾಧಿಗಳ ಒಂದು ಊರೇ ಇದೆ. 2021ರಲ್ಲಿ ಅದು ಯುನೆಸ್ಕೊ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿ ಸೇರಿತು. ಯಲಬುರ್ಗಾ ಸೀಮೆಯ ಇಟಗಿಯಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿ ಇದೆ. ಅಂದರೆ ಬಸವಣ್ಣನವರು ಹುಟ್ಟುವುದಕ್ಕೆ ಸ್ವಲ್ಪ ಮುಂಚೆ ಈ ನೆಲ ಹೇಗಿತ್ತು ಎಂದು ತಿಳಿಯಬೇಕಾದರೆ ನಮ್ಮ ಮಕ್ಕಳು ದೆಹಲಿಗೆ ಹೋಗಬೇಕಿಲ್ಲ, ಕುಕನೂರಿನ ಬಸ್ಸು ಹತ್ತಿದರೆ ಸಾಕು.

ಗವಿಮಠದ ಶಾಸನದ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಅದು ಅಲ್ಲಿ ಎರಡು ಸಾವಿರಕ್ಕೂ ಹೆಚ್ಚು ವರ್ಷ ಇತ್ತು. ಕುರಿ ಕಾಯುವವರು ನೋಡಿದ್ದರು, ಸಾಧುಗಳು ನೋಡಿದ್ದರು, ಮಳೆಗೆ ಅದರಡಿ ನಿಂತವರೆಲ್ಲ ನೋಡಿದ್ದರು. ಯಾರಿಗೂ ಓದಲು ಬರುತ್ತಿರಲಿಲ್ಲ. ಏಕೆಂದರೆ ಬ್ರಾಹ್ಮಿ ಲಿಪಿಯನ್ನು ಕಲಿಸುವ ಸರಪಳಿ ಯಾವಾಗಲೋ ತುಂಡಾಗಿ, ಇಡೀ ದೇಶದಲ್ಲಿ ಅದನ್ನು ಬಲ್ಲವರು ಒಬ್ಬರೂ ಉಳಿದಿರಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಕಲ್ಕತ್ತೆಯಲ್ಲಿ ಕುಳಿತು ಅದನ್ನು ಬಿಡಿಸಿದ ಮೇಲೆ ಕಲ್ಲುಗಳು ಮತ್ತೆ ಮಾತಾಡತೊಡಗಿದವು. ನಮ್ಮ ಶಾಸನ ಇದೆ ಎಂದು 1931ರಲ್ಲಿ ಗುರುತಿಸಿದವರು ಕೊಪ್ಪಳದ ಎನ್.ಬಿ. ಶಾಸ್ತ್ರಿಗಳು. ಮರುವರ್ಷವೇ ಆರ್.ಎಲ್. ಟರ್ನರ್ ಅದನ್ನು ಓದಿ, ನಿಜಾಮ ಸಂಸ್ಥಾನದ ಪುರಾತತ್ವ ಗ್ರಂಥಮಾಲೆಯಲ್ಲಿ ಪ್ರಕಟಿಸಿದರು. ಅದೇ ಮಾಲೆಯಲ್ಲಿ 1935ರಲ್ಲಿ ಕೊಪ್ಪಳದ ಕನ್ನಡ ಶಾಸನಗಳ ಪುಸ್ತಕವೂ ಬಂತು. ಆ ಅಶೋಕನ ಶಾಸನದಲ್ಲಿ ಇರುವುದೇನು? ಶ್ರದ್ಧೆಯಿಂದ ನಡೆದರೆ ಸಣ್ಣವನೂ ದೊಡ್ಡ ಫಲ ಪಡೆಯಬಲ್ಲ, ಅದು ದೊಡ್ಡವರಿಗಷ್ಟೇ ಮೀಸಲಲ್ಲ ಎಂಬ ಮಾತು. ಶರಣರ ಮಾತು ಕೇಳಿ ಬೆಳೆದ ನಮಗೆ ಇದು ಹೊಸದಲ್ಲ. ಆದರೆ ಅದು ನಮ್ಮ ಮಠದ ತಲೆಯ ಮೇಲೆಯೇ ಇದ್ದೂ ಶತಮಾನಗಳ ಕಾಲ ನಮಗೆ ಗೊತ್ತಿರಲಿಲ್ಲ.

ಬ್ರಾಹ್ಮಿಗೆ ಆದದ್ದು ಓಲೆಗರಿಗೂ ಆಗಬಹುದು. ನಮ್ಮ ಮಠಗಳಲ್ಲಿ, ಹಳೆಯ ಮನೆತನಗಳಲ್ಲಿ ಕೆಂಪು ವಸ್ತ್ರದಲ್ಲಿ ಸುತ್ತಿಟ್ಟ ಕಟ್ಟುಗಳಿವೆ. ಮಾಡದಲ್ಲಿ, ಗದ್ದುಗೆಯ ಹಿಂದೆ, ಅಟ್ಟದ ಮೇಲೆ. ಕೆಲವು ಕಡೆ ಕಡತಗಳೂ ಇವೆ. ಹುಣಸೆ ಬೀಜದ ಸರಿಗೆ ಇದ್ದಲು ಬೆರೆಸಿ ಬಟ್ಟೆಗೆ ಹಚ್ಚಿ, ಒಣಗಿಸಿ, ಮಡಚಿ, ಬಳಪದಲ್ಲಿ ಬರೆಯುತ್ತಿದ್ದ ಪುಸ್ತಕ ಅದು. ಸರಕಾರಿ ಕಚೇರಿಯಲ್ಲಿ ‘ಕಡತ ಮುಂದೆ ಹೋಗಲಿಲ್ಲ’ ಎನ್ನುತ್ತೇವಲ್ಲ, ಆ ಶಬ್ದ ಅಲ್ಲಿಂದ ಬಂದದ್ದು. ಈ ಕಟ್ಟುಗಳಿಗೆ ವರ್ಷಕ್ಕೊಮ್ಮೆ ಪೂಜೆ ಆಗುತ್ತದೆ. ವಿಭೂತಿ, ಕುಂಕುಮ, ಹೂವು, ಊದಿನಕಡ್ಡಿ, ಕೆಲವು ಕಡೆ ಎಣ್ಣೆ. ಬಿಚ್ಚುವುದು ಮಾತ್ರ ಇಲ್ಲ. “ಯಪ್ಪಾ, ಅದು ದೇವರ ಪುಸ್ತಕ, ಬಿಚ್ಚಬಾರದ್ರಿ” ಎನ್ನುತ್ತಾರೆ. ಕಟ್ಟನ್ನು ಪ್ರತಿ ಮಾಡಿದ ಲಿಪಿಕಾರರು ಕೊನೆಯ ಗರಿಯಲ್ಲಿ ಬೇಡಿಕೊಳ್ಳುವ ಒಂದು ವಾಡಿಕೆ ಇತ್ತು: ಎಣ್ಣೆಯಿಂದ ಕಾಪಾಡಿ, ನೀರಿನಿಂದ ಕಾಪಾಡಿ, ಸಡಿಲ ಕಟ್ಟಿನಿಂದ ಕಾಪಾಡಿ ಎಂದು. ಬರೆದವರು ಬೇಡಿಕೊಂಡದ್ದು ಅದು, ನಾವು ಭಕ್ತಿಯಿಂದ ಮಾಡುತ್ತಿರುವುದು ಇದು. ಗೆದ್ದಲಿಗೆ ಭಕ್ತಿ ಗೊತ್ತಾಗುವುದಿಲ್ಲ.

ಫ.ಗು. ಹಳಕಟ್ಟಿಯವರು ಹಾಗೆ ಕೈಮುಗಿದು ಸುಮ್ಮನಿದ್ದಿದ್ದರೆ ಇವತ್ತು ಈ ಗೋಷ್ಠಿಯೇ ಇರುತ್ತಿರಲಿಲ್ಲ. ವಿಜಯಪುರದ ಆ ವಕೀಲರು ಊರೂರು ತಿರುಗಿ ಕಟ್ಟುಗಳನ್ನು ಕೂಡಿಹಾಕಿದರು, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರತಂದರು, 1925ರಲ್ಲಿ ಇದ್ದ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಇದು ನಿಮಗೆಲ್ಲ ತಿಳಿದ ಕಥೆ. ಅಷ್ಟಾಗಿ ನೆನೆಯದ ಇನ್ನೊಬ್ಬರಿದ್ದಾರೆ, ಉತ್ತಂಗಿ ಚನ್ನಪ್ಪನವರು. ಬಾಸೆಲ್ ಮಿಶನ್ನಿನ ಪಾದ್ರಿ. ಹಳ್ಳಿ ಹಳ್ಳಿ ಸುತ್ತಿ ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದರು. ಮುಂದೆ ಅನುಭವ ಮಂಟಪ ನಿಜವಾಗಿ ಇತ್ತೇ ಎಂಬ ಪ್ರಶ್ನೆ ಎದ್ದಾಗ, ಇತ್ತು ಎಂದು ಸಾಧಿಸಲು ಪುಸ್ತಕ ಬರೆದವರೂ ಇದೇ ಕ್ರೈಸ್ತ ಪಾದ್ರಿ. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಸ್ವಲ್ಪ ಯೋಚನೆ ಮಾಡಿ: ಅವರು ಹೋದ ಮನೆಗಳಲ್ಲಿ ‘ನೀನು ಬೇರೆ ಮತದವನು, ಹೊಸ್ತಿಲು ದಾಟಬೇಡ’ ಎಂದಿದ್ದರೆ ಏನಾಗುತ್ತಿತ್ತು? ಕಟ್ಟು ಬಿಚ್ಚಿ ತೋರಿಸಿದ ಆ ಹೆಸರಿಲ್ಲದ ಮನೆಯವರಿಗೂ ನಾವು ಋಣಿಗಳು.

ಈಗ ಓದುವ ಕಷ್ಟ ಏನು ಎಂದು ಹೇಳುತ್ತೇನೆ, ಮಕ್ಕಳು ಕಿವಿಗೊಡಬೇಕು. ಓಲೆಗರಿಯಲ್ಲಿ ಶಬ್ದಗಳ ನಡುವೆ ಜಾಗ ಬಿಡುವುದಿಲ್ಲ. ಸಾಲು ತುಂಬುವವರೆಗೂ ಅಕ್ಷರಗಳು ಒಂದೇ ಸಮನೆ ಹೋಗುತ್ತವೆ. ಎಕಾರ ಒಕಾರಗಳಿಗೆ ದೀರ್ಘದ ಗುರುತು ಹಾಕುವುದಿಲ್ಲ. ‘ಕೊಡು’ ಎಂದು ಬರೆದದ್ದು ಕೊಡುವುದೋ, ದನದ ಕೋಡೋ? ‘ಕೆಡು’ ಎಂದು ಬರೆದದ್ದು ಕೆಡುವುದೋ, ಕೇಡೋ? ಮುಂದಿನ ಹಿಂದಿನ ಮಾತು ನೋಡಿ ನೀವೇ ತೀರ್ಮಾನಿಸಬೇಕು. ತಪ್ಪಿದರೆ ವಚನದ ಅರ್ಥವೇ ತಿರುಗಿಬೀಳುತ್ತದೆ. ಕಾಲ ತಿಳಿಯುವುದು ಇನ್ನೊಂದು ತಲೆನೋವು. ಲಿಪಿಕಾರ ಕೊನೆಗೆ ಸಂವತ್ಸರ, ಮಾಸ, ತಿಥಿ, ವಾರ ಹೇಳುತ್ತಾನೆ. ಆದರೆ ಅರವತ್ತು ವರ್ಷಕ್ಕೊಮ್ಮೆ ಅದೇ ಸಂವತ್ಸರ ಮತ್ತೆ ಬರುತ್ತದಲ್ಲ? ಆ ತಿಥಿ ಆ ವಾರ ಯಾವ ಸುತ್ತಿನಲ್ಲಿ ಕೂಡಿಬರುತ್ತದೆ ಎಂದು ಪಂಚಾಂಗ ಹಿಡಿದು ಲೆಕ್ಕ ಹಾಕಬೇಕು, ಅಕ್ಷರದ ಆಕಾರ ನೋಡಿ ತಾಳೆ ಮಾಡಬೇಕು. ಇದನ್ನು ಪುಸ್ತಕ ಓದಿ ಕಲಿಯಲಾಗದು. ಬಲ್ಲವರ ಮಗ್ಗುಲಲ್ಲಿ ಕುಳಿತು, ಒಂದೇ ಗರಿಯನ್ನು ಇಬ್ಬರೂ ನೋಡುತ್ತಾ, ‘ಇದು ಷಕಾರ ಅಲ್ಲ, ಪಕಾರ, ನೋಡು’ ಎನ್ನಿಸಿಕೊಳ್ಳುತ್ತಾ ಕಲಿಯಬೇಕು. ಅದಕ್ಕೇ ನಾನು ಇಂಟರ್ನ್‌ಶಿಪ್ ಎನ್ನುವುದು.

ನಾಲ್ಕು ವರ್ಷದ ಹಿಂದೆ ಮೂವರು ವಿದ್ಯಾರ್ಥಿಗಳನ್ನು ಕರೆದುಕೊಂಡು ಯಲಬುರ್ಗಾ ಭಾಗದ ಒಂದು ಸಣ್ಣ ಮಠಕ್ಕೆ ಹೋಗಿದ್ದೆ. ಅಲ್ಲಿಯ ಸ್ವಾಮಿಗಳು ಉದಾರಿಗಳು, ಕಟ್ಟು ಬಿಚ್ಚಲು ಒಪ್ಪಿದರು. ಪಡಸಾಲೆಯಲ್ಲಿ ಒಂದು ಟೇಬಲ್ಲು, ಮೇಲೆ ಬಿಳಿ ಬಟ್ಟೆ. ಮೊದಲ ಎರಡು ದಿನ ಮಕ್ಕಳಿಂದ ಓದಿಸಲೇ ಇಲ್ಲ. ಮೆತ್ತಗಿನ ಬ್ರಷ್ಷಿನಿಂದ ಧೂಳು ತೆಗೆಯುವುದು, ಗರಿ ಎಣಿಸುವುದು, ಉದ್ದಗಲ ಸೆಂಟಿಮೀಟರಿನಲ್ಲಿ ಬರೆಯುವುದು, ಒಂದು ಗರಿಯಲ್ಲಿ ಎಷ್ಟು ಸಾಲು, ದಾರದ ತೂತು ಎಷ್ಟು, ಯಾವ ಗರಿ ಮುರಿದಿದೆ ಇವಿಷ್ಟೇ. “ಸರ, ಇದೇನ್ ಗುಮಾಸ್ತರ ಕೆಲಸರೀ” ಎಂದು ಒಬ್ಬ ಗೊಣಗಿದ. ಮೂರನೆಯ ದಿನ ಅವನೇ, ಗರಿಗಳ ಸಂಖ್ಯೆ ಅಡ್ಡಾದಿಡ್ಡಿ ಇರುವುದನ್ನು ಕಂಡು, ದಾರ ಹರಿದಾಗ ಯಾರೋ ಎರಡು ಬೇರೆ ಬೇರೆ ಪುಸ್ತಕಗಳನ್ನು ಕೂಡಿಸಿ ಪೋಣಿಸಿದ್ದಾರೆ ಎಂದು ಹಿಡಿದ. ಮುಂದೆ ವಚನ, ಹಿಂದೆ ವಚನ, ನಡುವೆ ದನದ ಕಾಲುಬೇನೆಗೆ ಔಷಧ! ಅದುವರೆಗೆ ಆ ಕಟ್ಟಿಗೆ ಇಡಿಯಾಗಿ ಪೂಜೆ ನಡೆಯುತ್ತಿತ್ತು. ಸ್ವಾಮಿಗಳು ನಕ್ಕು, “ದನದ ಔಷಧಾನೂ ಪೂಜಾಕ್ಕ ಯೋಗ್ಯ ಬಿಡ್ರಿ” ಎಂದರು. ನನಗೆ ಆ ಮಾತು ಬಹಳ ಹಿಡಿಸಿತು.

ಆದರೆ ಎಲ್ಲ ಕಡೆ ಹೀಗೆ ನಡೆಯುವುದಿಲ್ಲ. ಇನ್ನೊಂದು ಕಡೆ, ಹೆಸರು ಬೇಡ, ಗುಂಪಿನಲ್ಲಿ ಹೆಣ್ಣುಮಕ್ಕಳಿದ್ದಾರೆ ಎಂದು ಗೊತ್ತಾದ ಕೂಡಲೇ ಹಿರಿಯರೊಬ್ಬರು ಅಡ್ಡ ನಿಂತರು. “ಆ ದಿನದಾಗ ಇದ್ರ?” ಎಂದು ನನ್ನ ಕಿವಿಯಲ್ಲಿ ಕೇಳಿದರು. ಜನನ, ಮರಣ, ರಜಸ್ಸು, ಎಂಜಲು, ಜಾತಿ, ಈ ಐದು ಸೂತಕಗಳನ್ನು ಶರಣರು ಅಲ್ಲಗಳೆದು ಎಂಟುನೂರು ವರ್ಷ ದಾಟಿದೆ. ಅಲ್ಲಗಳೆದ ಮಾತು ಆ ಕಟ್ಟಿನೊಳಗೇ ಇದ್ದಿರಬಹುದು! ಅದನ್ನು ಓದಬಾರದು ಎಂದು ಅದೇ ಸೂತಕದ ಹೆಸರಿನಲ್ಲಿ ತಡೆಯುವುದೆಂದರೆ? ಅಕ್ಕನ, ಅಕ್ಕಮ್ಮನ, ಸತ್ಯಕ್ಕನ, ಸಂಕವ್ವೆಯ ವಚನಗಳನ್ನು ಹೆಣ್ಣುಮಕ್ಕಳೇ ಮುಟ್ಟಬಾರದೆ? ಆ ದಿನ ನಾವು ಬರಿಗೈಲಿ ವಾಪಸು ಬಂದೆವು. ಬಸ್ಸಿನಲ್ಲಿ ಆ ಹುಡುಗಿಯರು ಒಂದು ಮಾತೂ ಆಡಲಿಲ್ಲ. ಪೂಜ್ಯರ ಎದುರಿಗೆ ಇದನ್ನು ಹೇಳುತ್ತಿರುವುದು ದೂರು ಕೊಡಲಿಕ್ಕಲ್ಲ. ನೀವು ಒಂದು ಮಾತು ಹೇಳಿದರೆ ಸಾಕು, ಇಂಥ ಬಾಗಿಲು ತೆರೆಯುತ್ತವೆ. ಮಾಸ್ತರರು ಹೇಳಿದರೆ ತೆರೆಯುವುದಿಲ್ಲ.

ಇಷ್ಟು ಆತುರ ಯಾಕೆ ಎಂದು ಕೇಳಬಹುದು. ಬಸವಣ್ಣನವರ ವಚನಗಳ ಅಂಕಿತ ಬದಲಿಸಿ ಅಚ್ಚು ಮಾಡಿದ ಪುಸ್ತಕದ ತಕರಾರು ಸುಪ್ರೀಂ ಕೋರ್ಟಿನವರೆಗೆ ಹೋಗಿ 2017ರಲ್ಲಿ ಇತ್ಯರ್ಥವಾದದ್ದು ನಿಮಗೆ ನೆನಪಿದೆ. ಕೋರ್ಟು ಏನೇ ಹೇಳಲಿ, ಮೂಲದಲ್ಲಿ ಯಾವ ಅಂಕಿತ ಇತ್ತು ಎಂದು ಕೊನೆಗೆ ಹೇಳಬೇಕಾದದ್ದು ಹಳೆಯ ಗರಿಗಳೇ. 2018ರ ಮಾರ್ಚಿನಲ್ಲಿ ನ್ಯಾಯಮೂರ್ತಿ ನಾಗಮೋಹನ ದಾಸ್ ಸಮಿತಿಯ ವರದಿಯ ಮೇಲೆ ರಾಜ್ಯ ಸರಕಾರ ಲಿಂಗಾಯತ ಧರ್ಮದ ಮಾನ್ಯತೆಗೆ ಕೇಂದ್ರಕ್ಕೆ ಶಿಫಾರಸು ಕಳಿಸಿತು. ಕೇಂದ್ರ ಒಪ್ಪಲಿಲ್ಲ. ಮತ್ತೆ ಎಂದಾದರೂ ಆ ಪ್ರಶ್ನೆ ಎದ್ದಾಗ ಆಧಾರ ಎಲ್ಲಿ ಎಂದೇ ಕೇಳುತ್ತಾರೆ. ಬಸವಣ್ಣನವರು ಇದ್ದರೋ ಇಲ್ಲವೋ ಎಂದು ಅನುಮಾನಿಸಿದವರಿಗೆ ಪುರಾಣ ತೋರಿಸಿದರೆ ಒಪ್ಪಲಿಲ್ಲ. ಹುಕ್ಕೇರಿ ತಾಲೂಕಿನ ಅರ್ಜುನವಾಡದ 1260ರ ಶಾಸನ ತೋರಿಸಿದಾಗ ಸುಮ್ಮನಾದರು. ಅದರಲ್ಲಿ ಬಸವನ ಹೆಸರಿದೆ, ಬಾಗೇವಾಡಿಯ ಹೆಸರಿದೆ. ಮೆರವಣಿಗೆಯಲ್ಲಿ ಲಕ್ಷ ಮಂದಿ ಸೇರಿಸುವ ಶಕ್ತಿ ನಮ್ಮಲ್ಲಿದೆ. ಒಂದು ಗರಿ ಸರಿಯಾಗಿ ಓದಬಲ್ಲ ಹತ್ತು ಮಂದಿ ಮಕ್ಕಳನ್ನು ಪ್ರತಿ ತಾಲೂಕಿನಲ್ಲಿ ತಯಾರು ಮಾಡಿದ್ದೇವೆಯೆ?

ಆಧಾರ ಬೇಕು ಎನ್ನುವವರು ಆಧಾರ ಹೇಳಿದ್ದನ್ನು ಕೇಳುವ ಎದೆಗಾರಿಕೆಯನ್ನೂ ಇಟ್ಟುಕೊಳ್ಳಬೇಕು. ಎಂ.ಎಂ. ಕಲಬುರ್ಗಿಯವರನ್ನು ನೆನೆಸಿಕೊಳ್ಳಿ. 1993ರಲ್ಲಿ ಸರಕಾರ ಹೊರತಂದ ಸಮಗ್ರ ವಚನ ಸಂಪುಟಗಳು ಹದಿನೈದು. ಪ್ರಧಾನ ಸಂಪಾದಕರು ಅವರೇ. ಅವರ ‘ಮಾರ್ಗ’ ಗ್ರಂಥದ ಕೆಲವು ಬರಹಗಳಿಗಾಗಿ 1989ರಲ್ಲಿ ಒತ್ತಡ ಹೇರಿ, ಬರೆದದ್ದನ್ನು ಹಿಂದೆ ತೆಗೆದುಕೊಳ್ಳುವಂತೆ ಮಾಡಿದವರು ಹೊರಗಿನವರಲ್ಲ, ನಮ್ಮವರೇ. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲಿ ಅವರನ್ನು ಗುಂಡಿಟ್ಟು ಕೊಂದ ಮೇಲೆ ನಾವು ಎಲ್ಲ ಕಡೆ ಅವರ ಭಾವಚಿತ್ರ ಇಟ್ಟೆವು. ನಾಳೆ ಇಪ್ಪತ್ತು ವರ್ಷದ ಒಬ್ಬ ಹುಡುಗಿ ನಮ್ಮದೇ ಮಠದ ಕಟ್ಟು ಓದಿ, ‘ಅಜ್ಜಾರ, ನಮ್ಮ ಗದ್ದುಗಿ ಕಥಿ ಹೇಳೂದು ಒಂದು, ಇದರಾಗ ಇರೂದು ಇನ್ನೊಂದು’ ಎಂದರೆ ನಾವು ಏನು ಮಾಡುತ್ತೇವೆ? ಅವಳ ಕೈಯಿಂದ ಕಟ್ಟು ಕಸಿದುಕೊಳ್ಳುತ್ತೇವೋ, ಕೂಡ್ರಿಸಿ ‘ಏನದು, ಓದವ್ವ’ ಎನ್ನುತ್ತೇವೋ? ಅನುಭವ ಮಂಟಪದ ರೀತಿ ಯಾವುದು ಎಂದು ನಿಮಗೆ ನಾನು ಹೇಳಬೇಕಿಲ್ಲ. ಪಾಲ್ಕಿಗುಂಡಿನ ಮೇಲಿನ ಜೈನ ಪಾದಗಳನ್ನು ತೋರಿಸುವಾಗಲೂ ಇದೇ ಮಾತು. ಇದು ನಮ್ಮದಲ್ಲ ಎಂದು ಮರೆಮಾಚಬಾರದು, ನಮ್ಮದೇ ಎಂದು ಕಬಳಿಸಲೂಬಾರದು. ಇದ್ದದ್ದನ್ನು ಇದ್ದಂತೆ ಹೇಳಲು ಕಲಿಸುವುದೇ ವಸ್ತುಸಂಗ್ರಹಾಲಯದ ಮೊದಲ ಪಾಠ.

ಇಂಥ ಕೆಲಸ ನಮ್ಮ ಕಣ್ಣೆದುರಿಗೇ ನಡೆದದ್ದುಂಟು. 1980ರಿಂದ ಎರಡು ದಶಕ ಹೊಳೆಯಾಚೆ ಹಂಪಿಯಲ್ಲಿ ಜಾನ್ ಫ್ರಿಟ್ಜ್, ಜಾರ್ಜ್ ಮಿಶೆಲ್ ಎಂಬ ವಿದ್ವಾಂಸರು ರಾಜ್ಯ ಪುರಾತತ್ವ ಇಲಾಖೆಯ ಎಂ.ಎಸ್. ನಾಗರಾಜರಾವ್ ಅವರ ಬೆಂಬಲದಿಂದ ಇಡೀ ಪಟ್ಟಣವನ್ನು ಅಳೆದು ನಕ್ಷೆ ಮಾಡಿದರು. ಅಗೆದದ್ದಲ್ಲ, ಅಳೆದದ್ದು. ಪ್ರತಿ ಚಳಿಗಾಲ ದೇಶ ವಿದೇಶದ ವಿದ್ಯಾರ್ಥಿಗಳು ಬಂದು, ಬಿಡಾರ ಹೂಡಿ, ಟೇಪು ಹಿಡಿದು, ಕಂಬ ಕಂಬವನ್ನು ಕಾಗದಕ್ಕೆ ಇಳಿಸಿದರು. ಲಂಡನ್ನಿನಿಂದ ಮಕ್ಕಳು ಬಂದು ಅಳೆದರು. ಆನೆಗುಂದಿಯ ಮಕ್ಕಳು ಎಷ್ಟು ಮಂದಿ ಆ ಟೇಪಿನ ಇನ್ನೊಂದು ತುದಿ ಹಿಡಿದರು ಎಂದು ನಾನು ಆಗಾಗ ಯೋಚಿಸುತ್ತೇನೆ. ಈಗಲೂ ಅವಕಾಶಗಳಿವೆ. ಕಮಲಾಪುರದಲ್ಲಿ ಕೇಂದ್ರ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯ ಇದೆ. ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ಸಾವಿರಾರು ಹಸ್ತಪ್ರತಿಗಳಿವೆ, ಅದನ್ನು ಓದಿಸುವ ವಿಭಾಗವೇ ಇದೆ, ಕೊಪ್ಪಳ ಜಿಲ್ಲೆಯ ಶಾಸನಗಳಿಗಾಗಿಯೇ ಅವರು ಒಂದು ಸಂಪುಟ ತಂದಿದ್ದಾರೆ. ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಪ್ರಾಗಿತಿಹಾಸದ ಸಂಗ್ರಹಾಲಯ ಇದೆ. ಧಾರವಾಡದಲ್ಲಿ 1939ರಿಂದ ಕನ್ನಡ ಸಂಶೋಧನ ಸಂಸ್ಥೆ ಇದೆ, ವಿಜಯಪುರದಲ್ಲಿ ಹಳಕಟ್ಟಿಯವರ ಹೆಸರಿನ ಸಂಶೋಧನ ಕೇಂದ್ರ ಇದೆ. ಕೇಂದ್ರ ಸರಕಾರ 2025ರ ಬಜೆಟ್ಟಿನಲ್ಲಿ ‘ಜ್ಞಾನ ಭಾರತಂ’ ಎಂದು ಒಂದು ಕೋಟಿಗೂ ಮೀರಿದ ಹಸ್ತಪ್ರತಿಗಳ ಸಮೀಕ್ಷೆಯ ಯೋಜನೆ ಸಾರಿದೆ. ಆ ಕೋಟಿಯಲ್ಲಿ ನಮ್ಮ ಮಠದ ಕಟ್ಟು ಸೇರಬೇಕಾದರೆ ಯಾರಾದರೂ ಮೊದಲು ಅದನ್ನು ಎಣಿಸಬೇಕಲ್ಲ?

ಇನ್ನು ದುಡ್ಡಿನ ಮಾತು. ಸಭೆಗಳಲ್ಲಿ ಇದನ್ನು ನುಂಗಿಕೊಳ್ಳುತ್ತೇವೆ, ನಾನು ನುಂಗುವುದಿಲ್ಲ. ಅಮೆರಿಕದ ಕಲಾ ಸಂಗ್ರಹಾಲಯಗಳ ನಿರ್ದೇಶಕರ ಸಂಘ 2019ರಲ್ಲಿ ಒಂದು ಠರಾವು 
ಮಾಡಿತು: ಇಂಟರ್ನ್‌ಗಳನ್ನು ಪುಕ್ಕಟೆ ದುಡಿಸಬಾರದು, ಸಂಬಳ ಕೊಡಬೇಕು ಎಂದು. ಕಾರಣ ಸರಳ. ಪುಕ್ಕಟೆ ಎಂದರೆ ಉಳ್ಳವರ ಮಕ್ಕಳಷ್ಟೇ ಬರಲು ಸಾಧ್ಯ, ಇಲ್ಲದವರ ಮಕ್ಕಳು ಬಾಗಿಲಲ್ಲೇ ಉಳಿಯುತ್ತಾರೆ. ನಮ್ಮಲ್ಲೂ ಅದೇ. ಕುಷ್ಟಗಿ ಕಡೆಯ ಒಕ್ಕಲ ಮನೆಯ ಹುಡುಗ ಬೇಸಿಗೆ ರಜೆಯಲ್ಲಿ ಬೆಂಗಳೂರಿಗೋ ಗೋವಾಕ್ಕೋ ದುಡಿಯಲು ಹೋಗುತ್ತಾನೆ. ಆ ಎರಡು ತಿಂಗಳ ಗಳಿಕೆಯಲ್ಲಿ ಅವನ ವರ್ಷದ ಫೀ, ತಂಗಿಯ ಬಟ್ಟೆ ಬರಬೇಕು. ಅವನಿಗೆ ‘ಬಾ, ಪುಣ್ಯದ ಕೆಲಸ, ಗರಿ ಓದು’ ಎಂದರೆ ಅವನು ಏನು ಹೇಳಬೇಕು? ದೊಡ್ಡ ಕಂಪನಿಗಳಲ್ಲಿ ಇಂಟರ್ನ್‌ಶಿಪ್ ಮಾಡುವ ಹುಡುಗರಿಗೆ ಕೇಂದ್ರದ ಯೋಜನೆಯೊಂದು 2024ರಲ್ಲಿ ತಿಂಗಳಿಗೆ 5,000 ರೂಪಾಯಿ ಎಂದು ನಿಗದಿ ಮಾಡಿತು. ಕಂಪನಿಯ ಲೆಕ್ಕ ಬರೆಯುವವನಿಗೆ ಕೊಡುವುದನ್ನು ಬಸವಣ್ಣನವರ ವಚನ ಓದುವವನಿಗೆ ನಾವು ಕೊಡಲಾರೆವೆ? ಒಂದು ಜಾತ್ರೆಯ ಪೆಂಡಾಲಿನ ಖರ್ಚಿನಲ್ಲಿ ಎಷ್ಟು ಮಕ್ಕಳ ಎರಡು ತಿಂಗಳು ನಡೆಯುತ್ತದೆ ಎಂದು ಲೆಕ್ಕ ನೀವೇ ಹಾಕಿ.

ಕಾಯಕ ಎಂದು ಹೇಳಿ ಪುಕ್ಕಟೆ ದುಡಿಸುವುದು ನಮ್ಮಲ್ಲಿ ಬಂದಿರುವ ಕೆಟ್ಟ ಚಾಳಿ. ಶರಣರ ಕಾಯಕಕ್ಕೆ ಪ್ರತಿಫಲ ಇತ್ತು. ಹೆಚ್ಚಿಗೆ ಬಂದರೆ ಬೇಡ ಎನ್ನುವ ನಿಷ್ಠೆಯೂ ಇತ್ತು. ಪಕ್ಕದ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ತಿರುಗಿ ಸುರಿದು ಬಾ ಎಂದು ಕಳಿಸಿದಳು. ಹೆಚ್ಚಾದದ್ದನ್ನು ವಾಪಸು ಕಳಿಸಿದಳೇ ಹೊರತು ದಿನದ ಅಕ್ಕಿಯೇ ಬೇಡ ಎನ್ನಲಿಲ್ಲ. ನಮ್ಮ ಮಠಗಳಿಗೆ ಅನ್ನ ಹಾಕುವುದು, ಇಟ್ಟುಕೊಳ್ಳುವುದು ಹೊಸದೇನೂ ಅಲ್ಲ. ಗವಿಮಠದಲ್ಲಿ ಸಾವಿರಾರು ಮಕ್ಕಳು ಉಂಡು, ಉಳಿದು, ಓದುತ್ತಿದ್ದಾರೆ. ಜಾತ್ರೆಯ ಮಹಾದಾಸೋಹಕ್ಕೆ ಹಳ್ಳಿ ಹಳ್ಳಿಯಿಂದ ರೊಟ್ಟಿಯ ಗಾಡಿಗಳು ಬರುವುದನ್ನು ಇಡೀ ನಾಡು ನೋಡಿದೆ. ಇಷ್ಟು ಕಟ್ಟಿಕೊಂಡಿರುವವರಿಗೆ ಬೇಸಿಗೆಯಲ್ಲಿ ಆರು ಮಂದಿ ಓದುವ ಮಕ್ಕಳು ಭಾರವಲ್ಲ.

ಶಿಕ್ಷಣದ ಕೆಲಸದ ಬಗ್ಗೆ ಸ್ವಲ್ಪ. ಜಾತ್ರೆಗೆ ಬರುವ ಲಕ್ಷಾಂತರ ಮಂದಿಯಲ್ಲಿ ಅಶೋಕನ ಶಾಸನ ನೋಡಿ ಹೋಗುವವರು ಎಷ್ಟು? ನೋಡಿದರೂ ಗೀಚಿದ ಗೆರೆ ಎಂದು ಸೆಲ್ಫಿ ಹೊಡೆದುಕೊಂಡು ಇಳಿಯುತ್ತಾರೆ. ಆ ಬಂಡೆಯ ಪಕ್ಕ ತರಬೇತಿ ಪಡೆದ ಇಬ್ಬರು ವಿದ್ಯಾರ್ಥಿಗಳನ್ನು ನಿಲ್ಲಿಸಿ. ಐದು ನಿಮಿಷದಲ್ಲಿ ಹೇಳುವುದನ್ನು ಕಲಿಸಿ. ಹಳ್ಳಿಯ ಅಜ್ಜಿಗೆ ಒಂದು ರೀತಿ, ಐದನೇ ಇಯತ್ತೆಯ ಹುಡುಗನಿಗೆ ಇನ್ನೊಂದು ರೀತಿ. ಮೂರು ದಿನ ಹೀಗೆ ಮಂದಿಗೆ ಹೇಳಿದ ಹುಡುಗ ಕಲಿಯುವುದು ಮೂರು ವರ್ಷದ ಕ್ಲಾಸಿನಲ್ಲಿ ಕಲಿಯುವುದಿಲ್ಲ, ಏಕೆಂದರೆ ಅಜ್ಜಿ ಕೇಳುವ ಪ್ರಶ್ನೆ ಪರೀಕ್ಷೆಯಲ್ಲಿ ಬರುವುದಿಲ್ಲ. “ಅಂವಾ ರಾಜಾ ಇಲ್ಲಿತನಕ ಬಂದಿದ್ದನೇನ ತಮ್ಮಾ?” ಎಂದು ಅಜ್ಜಿ ಕೇಳಿದರೆ ಉತ್ತರ ಕೊಡುವುದು ಸುಲಭವಲ್ಲ, ಯೋಚನೆ ಮಾಡಿ ನೋಡಿ.

ಹಳ್ಳಿಗಳಲ್ಲಿ ಕಲ್ಲುಗಳಿವೆ. ವೀರಗಲ್ಲಿಗೆ ಆಯಿಲ್ ಪೇಂಟ್ ಬಳಿದು ದೇವರು ಮಾಡಿದ್ದಾರೆ. ಶಾಸನದ ಕಲ್ಲು ಬಾವಿಯ ಹತ್ತಿರ ಬಟ್ಟೆ ಒಗೆಯಲು ಹಾಕಿದ್ದಾರೆ. ಅದನ್ನು ಕಿತ್ತು ತರಬೇಡಿ, ಊರವರ ಜೊತೆ ಜಗಳ ಬೇಡ. ಸಂಜೆ ಬಿಸಿಲು ಅಡ್ಡ ಬಿದ್ದಾಗ, ಇಲ್ಲವೇ ಕತ್ತಲಲ್ಲಿ ಟಾರ್ಚನ್ನು ಕಲ್ಲಿನ ಮಗ್ಗುಲಿಗೆ ಹಿಡಿದು ಫೋಟೋ ತೆಗೆಯಿರಿ. ಹಗಲು ಕಾಣದ ಅಕ್ಷರ ನೆರಳಿನಲ್ಲಿ ಎದ್ದು ಬರುತ್ತವೆ. ಊರು, ಜಾಗ, ಅಳತೆ ಬರೆದುಕೊಂಡು ಬಲ್ಲವರಿಗೆ ಕಳಿಸಿ. ಮೊಬೈಲು ಎಲ್ಲರ ಕಿಸೆಯಲ್ಲೂ ಇದೆ, ಈ ಕೆಲಸಕ್ಕೆ ನಾಳೆಯಿಂದಲೇ ತೊಡಗಬಹುದು. ರಕ್ಷಿತ ಸ್ಮಾರಕಗಳಲ್ಲಿ ಮಾತ್ರ ಇಲಾಖೆಯ ಅಪ್ಪಣೆ ಇಲ್ಲದೆ ಯಾವುದನ್ನೂ ಮುಟ್ಟಬೇಡಿ, ಗವಿಮಠದ ಶಾಸನದ ಮೇಲೆ ಸುಣ್ಣ, ಸೀಮೆಸುಣ್ಣ ಏನನ್ನೂ ಹಚ್ಚಬೇಡಿ.

ಮಠಗಳವರಿಗೆ ಒಂದು ಅಂಜಿಕೆ ಇದೆ ಎಂದು ನನಗೆ ಗೊತ್ತು. ‘ಪಟ್ಟಿ ಮಾಡಿಸಿದರೆ ಸರಕಾರ ಎತ್ತಿಕೊಂಡು ಹೋಗುತ್ತದೆ’ ಎಂದು. 75 ವರ್ಷ ದಾಟಿದ, ಬೆಲೆಯುಳ್ಳ ಹಸ್ತಪ್ರತಿಯನ್ನು 1972ರ ಕಾಯ್ದೆ ಪುರಾತನ ವಸ್ತು ಎಂದು ಗಣಿಸುತ್ತದೆ, ಅದನ್ನು ಪರದೇಶಕ್ಕೆ ಸಾಗಿಸಿದರೆ ಅಪರಾಧ. ಆದರೆ ಪಟ್ಟಿ ಮಾಡಿಸಿದ ಮಾತ್ರಕ್ಕೆ, ಫೋಟೋ ತೆಗೆಸಿದ ಮಾತ್ರಕ್ಕೆ ಕಟ್ಟಿನ ಒಡೆತನ ಹೋಗುವುದಿಲ್ಲ. ಪಟ್ಟಿ ಇಲ್ಲದ ಕಟ್ಟು ಕಳುವಾದರೆ ಪೊಲೀಸರ ಮುಂದೆ ಏನೆಂದು ಬರೆಸುತ್ತೀರಿ? ‘ಕೆಂಪು ಬಟ್ಟೆಯ ಗಂಟು’ ಎಂದೆ?

ಈ ಬೇಸಿಗೆ ರಜೆಗೆ ನಾನು ಕೇಳುವುದು ಇಷ್ಟು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ನಾಲ್ಕೂ ಕಡೆ ಒಂದೊಂದು ಮಠ ಒಪ್ಪಿಕೊಳ್ಳಲಿ. ಬೆಳಕು ಗಾಳಿ ಇರುವ, ಸೋರದ ಒಂದು ಕೋಣೆ. ಒಂದು ಟೇಬಲ್ಲು, ನಾಲ್ಕು ಬ್ರಷ್ಷು, ಸ್ವಚ್ಛ ಕೋರಾ ಬಟ್ಟೆ, ಹುಳು ಬಾರದಂತೆ ಹಚ್ಚುವ ಸಿಟ್ರೊನೆಲ್ಲಾ ಎಣ್ಣೆ, ಒಂದು ದಪ್ಪ ರಜಿಸ್ಟರು. ಸಿಟ್ರೊನೆಲ್ಲಾವನ್ನು ಬಲ್ಲವರು ಕುಳಿತು ಹಚ್ಚಿಸಬೇಕು, ದೀಪದ ಎಣ್ಣೆ ಅಲ್ಲ. ಆರು ಮಂದಿ ವಿದ್ಯಾರ್ಥಿಗಳು, ಅವರಲ್ಲಿ ಮೂವರಾದರೂ ಹೆಣ್ಣುಮಕ್ಕಳು; ಯಾವ ಜಾತಿ ಎಂದು ಕೇಳುವ ಕಾಲಂ ಅರ್ಜಿಯಲ್ಲಿ ಬೇಡ. ಊಟ, ವಸತಿ, ತಿಂಗಳಿಗೆ 5,000 ರೂಪಾಯಿ ಕೈಗೆ. ಓದಿಸಲು ಹಂಪಿಯಿಂದ, ಧಾರವಾಡದಿಂದ ಬಲ್ಲವರನ್ನು ಕರೆಯೋಣ, ನಾನೂ ಬಂದು ಕುಳಿತುಕೊಳ್ಳುತ್ತೇನೆ, ನನಗೆ ಬಸ್ ಚಾರ್ಜು ಕೂಡ ಬೇಡ, ಪಿಂಚಣಿ ಬರುತ್ತದೆ. ಕೊನೆಯ ವಾರ ಆ ಮಕ್ಕಳು ತಾವು ಓದಿದ್ದನ್ನು ಇದೇ ಗೋಷ್ಠಿಯಲ್ಲಿ, ಇದೇ ಮೈಕಿನ ಮುಂದೆ ನಿಂತು ಹೇಳಲಿ. ನಾವು ಹಿರಿಯರು ಆ ದಿನ ಕೆಳಗೆ ಕೂಡೋಣ.

ಹಿಂದೆ ನಿಂತಿರುವ ಮಕ್ಕಳೇ, ಬಾಗಿಲ ಹತ್ತಿರ ಒಂದು ವಹಿ ಇಟ್ಟಿದ್ದಾರೆ. ಬರುವ ಮನಸ್ಸಿದ್ದವರು ಹೆಸರು, ಊರು, ಕಾಲೇಜು ಬರೆದು ಹೋಗಿ. ಮನೆಯಲ್ಲಿ ಕಟ್ಟು ಇರುವವರೂ ಬರೆಸಿ, ನಾವೇ ಬಂದು ನೋಡುತ್ತೇವೆ, ಎಲ್ಲಿಗೂ ಒಯ್ಯುವುದಿಲ್ಲ.